ದೊಡ್ಡ ಕನ್ನಡ ಪುಸ್ತಕ, ಥೀಸಿಸ್ ಬರೆಯೋಕೆ ಯಾವ ವರ್ಡ್ ಪ್ರೊಸೆಸರ್ ಆರಿಸ್ಕೋಬೇಕು

ನಾಲ್ಕು ಪುಟದ ಲೇಖನಕ್ಕೆ ಯಾವುದಾದ್ರೂ ನಡೆಯತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಆದ್ರೆ ಮುನ್ನೂರು ಪುಟದ ಪಿಎಚ್‌ಡಿ ಥೀಸಿಸ್ಸು, ಐವತ್ತು ಜನ ಬರೆದಿರೋ ಅಭಿನಂದನಾ ಗ್ರಂಥ, ಅಡಿಟಿಪ್ಪಣಿ ತುಂಬಿರೋ ಸಂಶೋಧನಾ ಪುಸ್ತಕ, ಇಂಥದ್ದಕ್ಕೆ ಕೈ ಹಾಕೋರು ಮೊದಲನೇ ಸಾಲು ಟೈಪ್ ಮಾಡೋಕೆ ಮುಂಚೆ ಸಾಫ್ಟ್‌ವೇರ್ ಬಗ್ಗೆ ಒಂದು ದಿನ ಕೂತು ಯೋಚನೆ ಮಾಡ್ಲೇಬೇಕು. ಆ ಒಂದು ದಿನ ಉಳಿಸೋಕೆ ಹೋಗಿ ಕೊನೇಲಿ ಎರಡು ತಿಂಗಳು ಕಳ್ಕೊಂಡಿರೋ ಎಷ್ಟೋ ಜನರನ್ನ ನಾನು ನೋಡಿದೀನಿ.

ನನಗೆ ಇದು ಗೊತ್ತಾಗಿದ್ದು ನಮ್ಮ ಹೈಸ್ಕೂಲ್ ಮೇಷ್ಟ್ರ ಅಭಿನಂದನಾ ಗ್ರಂಥದ ಕೆಲಸ ಮಾಡುವಾಗ. ಒಟ್ಟು 52 ಲೇಖನ, ಆರುನೂರು ಪುಟದ ಪುಸ್ತಕ. ಒಬ್ರು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕಳಿಸಿದ್ರು, ಇನ್ನೊಬ್ರು ‘ಬರಹ’ ಅನ್ನೋ ಅಂಥದ್ದೇ ಇನ್ನೊಂದರಲ್ಲಿ, ಇನ್ನು ಕೆಲವರು ಫೋನಲ್ಲೇ ಟೈಪ್ ಮಾಡಿ ವಾಟ್ಸಾಪಲ್ಲಿ ಹಾಕಿದ್ರು, ಹಿರಿಯರೊಬ್ರು ಕೈಬರಹದ ಹಾಳೆಗಳನ್ನ ಫೋಟೋ ತೆಗೆಸಿ ಕಳಿಸಿದ್ರು. ಎಲ್ಲಾ ಒಂದೇ ಫೈಲಿಗೆ ತರೋಣ ಅಂತ ಒಂದು ಡಿಟಿಪಿ ಅಂಗಡಿಗೆ ಕೊಟ್ವಿ, ಅವರು ಕನ್ವರ್ಟ್ ಮಾಡಿ ಕೊಟ್ರು. ಮನೆಗೆ ತಂದು ನೋಡಿದ್ರೆ ಅಡಿಟಿಪ್ಪಣಿಗಳೆಲ್ಲಾ ಮಾಯ, ‘ಧರ್ಮ’ ಇದ್ದ ಕಡೆಯೆಲ್ಲಾ ‘ಧಮ’ ಅಂತಾಗಿ ಪಕ್ಕದಲ್ಲೊಂದು ಗುರುತೇ ಸಿಗದ ಅಕ್ಷರ, ಮಧ್ಯದಲ್ಲಿ ಬರ್ತಿದ್ದ ಇಂಗ್ಲಿಷ್ ಪದಗಳೆಲ್ಲಾ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಡ್ಡೆ. ಮೇಷ್ಟ್ರ ಬಗ್ಗೆ ಪ್ರೀತಿಯಿಂದ ಬರೆದಿದ್ದ ಮಾತುಗಳು ಹಾಗೆ ಬಿದ್ದಿದ್ದನ್ನ ನೋಡಿ ಹೊಟ್ಟೆ ಉರೀತು. 52 ಲೇಖನಾನೂ ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ ತಿದ್ದಿದ್ವಿ.

ಹಾಗಾಗಿ ಮೊದಲನೇ ಮಾತು: ವರ್ಡ್ ಪ್ರೊಸೆಸರ್ ಆರಿಸೋಕೆ ಮುಂಚೆ ನಿಮ್ಮ ಅಕ್ಷರ ಯೂನಿಕೋಡಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡೋ ಪದ್ಧತಿ) ಇದ್ಯಾ ಅಂತ ನೋಡ್ಕೊಳ್ಳಿ. ಹಳೇ ನುಡಿ ಫಾಂಟಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದ್ರೆ ಪರದೆ ಮೇಲೆ ಕನ್ನಡ ಕಾಣತ್ತೆ ನಿಜ, ಆದ್ರೆ ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆ ಇರೋ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಎ. ಆ ಫಾಂಟ್ ತೆಗೆದು ಬೇರೆ ಇಂಗ್ಲಿಷ್ ಫಾಂಟ್ ಹಾಕಿದ್ರೆ ಇದೆಲ್ಲಾ ಹೊರಗೆ ಬರತ್ತೆ. ಅಂದ್ಮೇಲೆ ಎಷ್ಟೇ ಪವರ್‌ಫುಲ್ ಸಾಫ್ಟ್‌ವೇರ್ ತಂದ್ರೂ ಅದಕ್ಕೆ ನೀವು ಬರೆದಿದ್ದು ಕನ್ನಡ ಅನ್ನೋದೇ ಗೊತ್ತಾಗಲ್ಲ, ಅಕಾರಾದಿ ಪದಸೂಚಿ ಮಾಡು ಅಂದ್ರೆ ಆ ಪಿ, ಕ್ಯೂಗಳನ್ನೇ ಜೋಡಿಸತ್ತೆ, ಕಾಗುಣಿತ ನೋಡು ಅಂದ್ರೆ ಎಲ್ಲಾ ತಪ್ಪು ಅನ್ನತ್ತೆ. ಯೂನಿಕೋಡಲ್ಲಿ ಹಾಗಲ್ಲ, ಕನ್ನಡಕ್ಕೆ ಅಂತಲೇ 128 ಸ್ಥಾನ ಮೀಸಲಿದೆ, ಕ ಅಂದ್ರೆ ಕ ಅಷ್ಟೇ, ಫಾಂಟ್ ಬದಲಾದ್ರೂ ಕ ಕ ಆಗೇ ಇರತ್ತೆ.

‘ನನಗೆ ನುಡಿ ಕೀಬೋರ್ಡ್ ಕೈಗೆ ಕೂತುಬಿಟ್ಟಿದೆ, ಈಗ ಬದಲಾಯ್ಸೋಕೆ ಆಗಲ್ಲ’ ಅಂತ ತುಂಬಾ ಜನ ಹೇಳ್ತಾರೆ. ಬದಲಾಯ್ಸೋದೇ ಬೇಡ. ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಬೋರ್ಡ್ ವಿನ್ಯಾಸ ಬೇರೆ, ಫಾಂಟಿನ ಎನ್‌ಕೋಡಿಂಗ್, ಅಂದ್ರೆ ಕಂಪ್ಯೂಟರ್ ಒಳಗೆ ಅಕ್ಷರ ಯಾವ ಸಂಕೇತವಾಗಿ ಕೂರತ್ತೆ ಅನ್ನೋದು ಬೇರೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಬರಹದಲ್ಲೂ ಇದೆ, ಲಿನಕ್ಸಲ್ಲಿ ಐಬಸ್ ಅನ್ನೋ ಟೈಪಿಂಗ್ ವ್ಯವಸ್ಥೆ ಒಳಗೆ ಕೆಜಿಪಿ ಅಂತ ಅದೇ ವಿನ್ಯಾಸ ಸಿಗತ್ತೆ. ಬೆರಳು ಹಳೇ ದಾರಿಯಲ್ಲೇ ಓಡಲಿ, ಒಳಗೆ ಬೀಳೋ ಅಕ್ಷರ ಮಾತ್ರ ಯೂನಿಕೋಡ್ ಆಗಿರ್ಲಿ.

ಥೀಸಿಸ್ ಬರೆಯೋರಿಗೆ ಇದು ಇನ್ನೂ ಮುಖ್ಯ. 2009ರ ಯುಜಿಸಿ ನಿಯಮ ಬಂದ ಮೇಲೆ ಪಿಎಚ್‌ಡಿ ಪ್ರಬಂಧದ ವಿದ್ಯುನ್ಮಾನ ಪ್ರತಿ ಕೊಡ್ಬೇಕು, ಅದು ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸೋ ಶೋಧಗಂಗಾ ಅನ್ನೋ ಆನ್‌ಲೈನ್ ಪ್ರಬಂಧ ಭಂಡಾರಕ್ಕೆ ಹೋಗತ್ತೆ. ಹಳೇ ಫಾಂಟಲ್ಲಿ ಮಾಡಿದ ಪಿಡಿಎಫ್ ಅಲ್ಲಿ ಕೂತಿದ್ರೂ ಅದರೊಳಗೆ ಯಾರೂ ಒಂದು ಕನ್ನಡ ಪದ ಹುಡುಕೋಕೆ ಆಗಲ್ಲ. ಐದು ವರ್ಷ ಕಷ್ಟಪಟ್ಟು ಬರೆದಿದ್ದು, ಮುಂದಿನ ಸಂಶೋಧಕರಿಗೆ ಸಿಗ್ಬೇಕಲ್ವಾ.

ಸರಿ, ಈಗ ಆರಿಸೋದು ಹೇಗೆ. ನಾನು ಎಲ್ಲರಿಗೂ ಹೇಳೋದು ಒಂದೇ, ಯಾರ ಮಾತೂ ಕೇಳ್ಬೇಡಿ, ಒಂದು ಪರೀಕ್ಷೆ ಫೈಲ್ ಮಾಡಿ, ಯಾವ ಯಾವ ಸಾಫ್ಟ್‌ವೇರ್ ಕೈಗೆ ಸಿಗತ್ತೋ ಅದರಲ್ಲೆಲ್ಲಾ ತೆಗೆದು ನೋಡಿ. ಆ ಫೈಲಲ್ಲಿ ನಿಮ್ಮ ಪುಸ್ತಕದ ಅತಿ ಕಷ್ಟದ ಅಧ್ಯಾಯದ ಹತ್ತು ಪುಟ ಇರ್ಲಿ. ಸೂಕ್ಷ್ಮ, ರಾಷ್ಟ್ರ, ವೈಶಿಷ್ಟ್ಯ, ದಾರಿದ್ರ್ಯ, ಸ್ತ್ರೀ ಅಂತ ಕೆಳಗೆ ಒತ್ತಕ್ಷರ ಇಳಿಯೋ ಪದ ಬೇಕು. ಹಳಗನ್ನಡ ಉಲ್ಲೇಖ ಮಾಡೋರಾದ್ರೆ ೞ, ಱ ಎರಡೂ ಹಾಕಿ, ಕೆಲವು ಫಾಂಟಲ್ಲಿ ಈ ಅಕ್ಷರಗಳೇ ಇರಲ್ಲ, ಖಾಲಿ ಡಬ್ಬಿ ಕಾಣತ್ತೆ, ಅದು ಕೊನೇಲಿ ಗೊತ್ತಾಗೋದಕ್ಕಿಂತ ಈಗ ಗೊತ್ತಾಗೋದು ಒಳ್ಳೇದು. ಒಂದು ಷಟ್ಪದಿ ಪದ್ಯ, ಎರಡು ಉದ್ದದ ಅಡಿಟಿಪ್ಪಣಿ (ಒಂದರಲ್ಲಿ ಕನ್ನಡ ಇಂಗ್ಲಿಷ್ ಎರಡೂ ಬೆರೆತಿರ್ಲಿ), ಒಂದು ಕೋಷ್ಟಕ, ನಾಲ್ಕು ಫೋಟೋ. ಆಮೇಲೆ ಆ ಹತ್ತು ಪುಟಾನ ಕಾಪಿ ಮಾಡಿ ಮಾಡಿ ಮುನ್ನೂರು ಪುಟ ಮಾಡಿ.

ಈಗ ಆ ಮುನ್ನೂರು ಪುಟದ ಮೇಲೆ ಕೆಲಸ ಮಾಡಿ ನೋಡಿ. 150ನೇ ಪುಟದಲ್ಲಿ ಹೊಸದಾಗಿ ಒಂದು ಪ್ಯಾರಾ ಟೈಪ್ ಮಾಡಿ, ಬೆರಳಿಗೂ ಪರದೆಗೂ ಮಧ್ಯೆ ತಡ ಆಗ್ತಿದ್ಯಾ? ಎರಡನೇ ಅಧ್ಯಾಯ ಎತ್ತಿ ಐದನೆಯದರ ಆಚೆ ಇಡಿ, ಅಡಿಟಿಪ್ಪಣಿ ಸಂಖ್ಯೆ ತಾನೇ ಸರಿಹೋಯ್ತಾ? ಪರಿವಿಡಿ ಮಾಡ್ಸಿ, ಶುರುವಿನ ಅರಿಕೆ ಮುನ್ನುಡಿ ಪುಟಗಳಿಗೆ ರೋಮನ್ ಅಂಕಿ ಕೊಟ್ಟು ಮೊದಲ ಅಧ್ಯಾಯದಿಂದ 1 ಅಂತ ಶುರು ಮಾಡಿ. ಕೊನೆಗೆ ಪಿಡಿಎಫ್ ಮಾಡಿ, ಅದರಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ, ಕನ್ನಡ ಕನ್ನಡವಾಗೇ ಬಂತಾ ನೋಡಿ. ಯೂನಿಕೋಡಲ್ಲಿ ಬರೆದಿದ್ರೂ ಪಿಡಿಎಫಿಂದ ತೆಗೆದಾಗ ಒತ್ತಕ್ಷರ, ಅರ್ಕಾವತ್ತು ಅದಲು ಬದಲಾಗೋದುಂಟು, ಹಾಗಾಗಿ ಪಿಡಿಎಫ್ ಇದ್ಯಲ್ಲ ಅಂತ ಮೂಲ ಫೈಲ್ ಯಾವತ್ತೂ ಅಳಿಸ್ಬೇಡಿ.

ಇನ್ನು ಒಂದೊಂದರ ಬಗ್ಗೆ ನನ್ನ ಅನುಭವ.

ಲಿಬ್ರೆ ಆಫೀಸ್ ರೈಟರ್ ನನ್ನ ಮೊದಲ ಆಯ್ಕೆ, ದುಡ್ಡು ಕೊಡೋದು ಬೇಡ ಅನ್ನೋದು ಒಂದು ಕಾರಣ ಆದ್ರೂ ಅದೇ ದೊಡ್ಡ ಕಾರಣ ಅಲ್ಲ. 2017ರಲ್ಲಿ ಬಂದ 5.3ನೇ ಆವೃತ್ತಿಯಿಂದ ಅದು ಎಲ್ಲಾ ಕಡೆ ಹಾರ್ಫ್‌ಬಜ್ ಅನ್ನೋ ಒಂದೇ ಎಂಜಿನ್ ಇಟ್ಕೊಂಡು ಅಕ್ಷರ ಜೋಡಿಸತ್ತೆ, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನ್ ಬಳಸೋದೂ ಅದನ್ನೇ, ಹಾಗಾಗಿ ವಿಂಡೋಸಲ್ಲಿ ಬರೆದಿದ್ದನ್ನ ಲಿನಕ್ಸಲ್ಲಿ ತೆಗೆದ್ರೂ ಫಾಂಟ್ ಅದೇ ಇದ್ರೆ ಒತ್ತಕ್ಷರ ಹಾಗೇ ಇರತ್ತೆ. ಇನ್ನೊಂದು ಕಾರಣ ಅದರ ಪೇಜ್ ಸ್ಟೈಲು. ಮುನ್ನುಡಿ ಪುಟ ಒಂದು ಥರ, ಅಧ್ಯಾಯದ ಮೊದಲ ಪುಟ ಒಂದು ಥರ, ಎಡಪುಟ ಬಲಪುಟ ಬೇರೆ ಬೇರೆ, ಒಂದು ಸಲ ಹೇಳ್ಕೊಟ್ರೆ ಆರುನೂರು ಪುಟಕ್ಕೂ ಅದೇ ನೋಡ್ಕೊಳತ್ತೆ. ಎಫ್ 5 ಒತ್ತಿದ್ರೆ ನ್ಯಾವಿಗೇಟರ್ ಬರತ್ತೆ, ಅಲ್ಲಿ ಅಧ್ಯಾಯದ ಹೆಸರು ಹಿಡಿದು ಮೇಲೆ ಕೆಳಗೆ ಸರಿಸಿದ್ರೆ ಇಡೀ ಅಧ್ಯಾಯಾನೇ ಜಾಗ ಬದಲಾಯ್ಸತ್ತೆ. ನಮ್ಮ ಗ್ರಂಥದಲ್ಲಿ ಲೇಖನಗಳ ಅನುಕ್ರಮ ಸಂಪಾದಕ ಮಂಡಳಿ ಕೂತಾಗೆಲ್ಲಾ ಬದಲಾಗ್ತಿತ್ತು, ಇದು ಇಲ್ಲದಿದ್ರೆ ಏನು ಮಾಡ್ತಿದ್ವೋ.

ಇನ್ನೂ ದೊಡ್ಡ ಕೆಲಸ ಆದ್ರೆ ಮಾಸ್ಟರ್ ಡಾಕ್ಯುಮೆಂಟ್ ಬಳಸಿ. ಒಂದೊಂದು ಅಧ್ಯಾಯ ಒಂದೊಂದು ಫೈಲ್, ಎಲ್ಲವನ್ನೂ ಪೋಣಿಸೋ ಒಂದು ತಾಯಿ ಫೈಲ್, ಪುಟಸಂಖ್ಯೆ ಪರಿವಿಡಿ ಎಲ್ಲಾ ಅಲ್ಲಿ. ಒಂದು ಫೈಲ್ ಕೆಟ್ರೆ ಒಂದು ಅಧ್ಯಾಯ ಮಾತ್ರ ಹೋಗತ್ತೆ.

ರೈಟರಲ್ಲಿ ಕನ್ನಡದವರು ಎಡವೋದು ಒಂದೇ ಜಾಗದಲ್ಲಿ, ಅದನ್ನ ಬಿಡಿಸಿ ಹೇಳ್ತೀನಿ. ಟೂಲ್ಸ್ ಒಳಗೆ ಆಪ್ಷನ್ಸ್, ಅದರಲ್ಲಿ ಭಾಷೆಯ ಸೆಟ್ಟಿಂಗ್ಸಿಗೆ ಹೋದ್ರೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅಂತ ಇರತ್ತೆ, ಅದನ್ನ ಆನ್ ಮಾಡಿ ಕನ್ನಡ ಆರಿಸಿ. ಯಾಕಂದ್ರೆ ಇದು ಇಂಗ್ಲಿಷಿಗೊಂದು ಫಾಂಟ್, ಕನ್ನಡದಂಥ ಲಿಪಿಗಳಿಗೊಂದು ಫಾಂಟ್ ಅಂತ ಬೇರೆ ಬೇರೆ ಇಟ್ಕೊಂಡಿರತ್ತೆ, ಸೈಜೂ ಬೇರೆ ಬೇರೆ. ಸ್ಟೈಲಲ್ಲಿ 14 ಅಂತ ಕೊಟ್ಟೆ, ಕನ್ನಡ ಮಾತ್ರ 12ರಲ್ಲೇ ಕೂತಿದೆ ಅಂತ ಒದ್ದಾಡೋರು ಕೊಟ್ಟಿರೋದು ಇಂಗ್ಲಿಷಿನ ಸೈಜು. ಇದೊಂದು ಗೊತ್ತಾದ್ರೆ ಅರ್ಧ ತಲೆನೋವು ಹೋಯ್ತು, ಅಷ್ಟೇ ಅಲ್ಲ, ಇದು ವರವೂ ಹೌದು, ಕನ್ನಡಕ್ಕೆ ನೋಟೋ ಸೆರಿಫ್ ಕನ್ನಡ 12, ಮಧ್ಯೆ ಬರೋ ಇಂಗ್ಲಿಷಿಗೆ ಬೇರೆ ಫಾಂಟ್ 11 ಅಂತ ಒಮ್ಮೆ ಕೊಟ್ರೆ ಪುಸ್ತಕ ಪೂರ್ತಿ ಎರಡೂ ಹದವಾಗಿ ಕೂರತ್ತೆ.

ಮೈಕ್ರೋಸಾಫ್ಟ್ ವರ್ಡ್ ಬೇಡ ಅಂತ ನಾನು ಹೇಳಲ್ಲ. ನಿಮ್ಮ ಗೈಡ್ ವರ್ಡಲ್ಲೇ ತಿದ್ದಿ ಕಳಿಸೋರಾದ್ರೆ ಕಣ್ಣು ಮುಚ್ಕೊಂಡು ವರ್ಡೇ ತಗೊಳ್ಳಿ. ಟ್ರ್ಯಾಕ್ ಚೇಂಜಸ್ ಹಾಕಿ ಇಬ್ರು ಮೂವರು ತಿದ್ದಿದ್ದನ್ನ ಒಂದೊಂದಾಗಿ ಒಪ್ಪೋದು ಬಿಡೋದು ಅದರಲ್ಲಿ ತುಂಬಾ ಚೆನ್ನಾಗಿದೆ, ಮತ್ತೆ ವರ್ಡಿಗೂ ರೈಟರಿಗೂ ಮಧ್ಯೆ ಒಂದೇ ಫೈಲನ್ನ ಹತ್ತು ಸಲ ಓಡಾಡ್ಸಿದ್ರೆ ಸ್ಟೈಲು, ನಂಬರಿಂಗು ಎರಡೂ ಕೆಡೋ ಸಾಧ್ಯತೆ ಜಾಸ್ತಿ. ಯಾವುದಾದ್ರೂ ಒಂದರಲ್ಲಿ ಬಾಳಿ.

ವರ್ಡಲ್ಲಿ ಕನ್ನಡಕ್ಕೆ ನೋಡ್ಕೋಬೇಕಾದ್ದು ಮೂರು. ಇಲ್ಲೂ ಫಾಂಟ್ ಡೈಲಾಗಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅಂತ ಬೇರೆ ಜಾಗ ಇದೆ, ಕನ್ನಡದ ಫಾಂಟು ಸೈಜು ಅಲ್ಲೇ ಕೊಡಿ. ಎರಡನೇದು ಸಾಲಿನ ಅಂತರ: ಎಕ್ಸ್ಯಾಕ್ಟ್ಲಿ ಅಂತ ಆರಿಸಿ ಇಂಗ್ಲಿಷ್ ಪುಸ್ತಕದ ಅಳತೆ ಕೊಟ್ರೆ ‘ರಾಷ್ಟ್ರ’ದ ಕೆಳಗಿನ ಒತ್ತು ಕತ್ತರಿಸಿ ಹೋಗತ್ತೆ, ಟ ರ ಎರಡೂ ಕೆಳಗೆ ಇಳಿಯೋ ಲಿಪಿ ನಮ್ಮದು, ಅದಕ್ಕೆ ಜಾಗ ಬೇಕು, ಹಾಗಾಗಿ ಮಲ್ಟಿಪಲ್ ಆರಿಸಿ 1.2, 1.3 ಅಂತ ಕೊಟ್ಟು ಕಣ್ಣಳತೆ ನೋಡಿ. ಮೂರನೇದು, ವರ್ಡಿನ ಮಾಸ್ಟರ್ ಡಾಕ್ಯುಮೆಂಟ್ ಮಾತ್ರ ಬಳಸ್ಬೇಡಿ, ಫೈಲ್ ಕೆಡ್ಸತ್ತೆ ಅಂತ ಅದಕ್ಕೆ ಬಹಳ ವರ್ಷದಿಂದ ಹೆಸರಿದೆ, ಬದಲಿಗೆ ಅಧ್ಯಾಯಗಳನ್ನ ಬೇರೆ ಬೇರೆ ಬರೆದು ಕೊನೇಲಿ ಒಂದೇ ಫೈಲಿಗೆ ಸೇರಿಸಿ. ಅಂದಹಾಗೆ ಬರೆದಿದ್ದನ್ನ ತಾನೇ ಉಳಿಸಿಡೋ ಆಟೋರಿಕವರ್ ಸುಮ್ನೆ ಬಿಟ್ರೆ ಹತ್ತು ನಿಮಿಷಕ್ಕೊಂದ್ ಸಲ, ಅದನ್ನ ಎರಡಕ್ಕೆ ಇಳಿಸಿ, ಹಳ್ಳಿಯಲ್ಲಿ ಕರೆಂಟ್ ಯಾವಾಗ ಹೋಗತ್ತೆ ಅಂತ ಹೇಳೋಕಾಗಲ್ಲ.

ಗೂಗಲ್ ಡಾಕ್ಸ್ ಲೇಖನ ಕೂಡಿಸೋಕೆ, ನಾಲ್ಕು ಜನ ಒಟ್ಟಿಗೆ ಕೂತು ತಿದ್ದೋಕೆ ತುಂಬಾ ಒಳ್ಳೇದು. ಇದರ ವಾಯ್ಸ್ ಟೈಪಿಂಗಲ್ಲಿ ಕನ್ನಡ ಇದೆ, ಜನಪದ ಗಾಯಕರ ಮಾತು ರೆಕಾರ್ಡ್ ಮಾಡ್ಕೊಂಡು ಬಂದಿರ್ತೀರಲ್ಲ, ಅದನ್ನ ಕೇಳ್ತಾ ಕೇಳ್ತಾ ನೀವೇ ಬಾಯಲ್ಲಿ ಹೇಳಿದ್ರೆ ಟೈಪ್ ಆಗ್ತಾ ಹೋಗತ್ತೆ, ವಿರಾಮಚಿಹ್ನೆ ಆಮೇಲೆ ಹಾಕ್ಬೇಕು ಅಷ್ಟೇ. ಕೈಬರಹದ ಆ ಹಿರಿಯರ ಲೇಖನಾನ ನಾನು ಹೀಗೇ ಓದಿ ಓದಿ ಏರ್ಸಿದ್ದು. ಆದ್ರೆ ಇಡೀ ಪುಸ್ತಕ ಅಲ್ಲೇ ಕಟ್ಟೋಕೆ ಹೋಗ್ಬೇಡಿ. ಒಂದು ಡಾಕ್ಯುಮೆಂಟಿಗೆ 10.2 ಲಕ್ಷ ಕ್ಯಾರೆಕ್ಟರ್ ಮಿತಿ ಇದೆ. ಅದು ದೊಡ್ಡ ಸಂಖ್ಯೆ ಅನ್ಸತ್ತೆ, ಆದ್ರೆ ಕನ್ನಡದಲ್ಲಿ ‘ಸ್ತ್ರೀ’ ಅನ್ನೋ ಒಂದು ಅಕ್ಷರಾನ ಕಂಪ್ಯೂಟರ್ ಎಣಿಸೋದು ಸ, ಹಲಂತ, ತ, ಹಲಂತ, ರ, ದೀರ್ಘ ಈ ಅಂತ ಆರು. ನಮ್ಮ ಗ್ರಂಥದಲ್ಲಿ ಪುಟಕ್ಕೆ ಸುಮಾರು 1800 ಬರ್ತಿತ್ತು, ಆರುನೂರು ಪುಟಕ್ಕೆ ಗುಣಿಸಿದ್ರೆ 10.8 ಲಕ್ಷ, ಮಿತಿ ದಾಟೇ ಹೋಯ್ತು. ಮತ್ತೆ ಪುಸ್ತಕದ ಕೊನೆಗೆ ಬರೋ ಪದಸೂಚಿ ಮಾಡೋ ಸೌಲಭ್ಯ ಅದರಲ್ಲಿ ಇಲ್ಲ.

ಲೇಟೆಕ್, ಅಂದ್ರೆ ಬರಹದ ಜೊತೆ ಆಜ್ಞೆಗಳನ್ನೂ ಟೈಪ್ ಮಾಡಿ ಪುಟ ಕಟ್ಟಿಸೋ ಸಾಫ್ಟ್‌ವೇರ್, ಅದರ ಬಗ್ಗೆ ಒಂದು ಮಾತು. ನಿಘಂಟು, ಗಣಿತ ವಿಜ್ಞಾನದ ಪುಸ್ತಕ ಮಾಡೋರು, ಕಲಿಯೋಕೆ ಒಂದು ತಿಂಗಳು ಇದೆ ಅನ್ನೋರು ಅದರಲ್ಲೇ ಯೂನಿಕೋಡ್ ಒಪ್ಪೋ ಝೀಲೇಟೆಕ್ ನೋಡಿ. ನಮ್ಮ ಪದಗಳು ಉದ್ದ, ‘ಬರೆದುಕೊಂಡಿರುವವರಿಗೆಲ್ಲಾ’ ಅಂತ ಒಂದೇ ಪದ ಅರ್ಧ ಸಾಲು ತಿನ್ನತ್ತೆ, ಎರಡೂ ಬದಿ ಸಮ ಮಾಡಿದ್ರೆ ಮಧ್ಯೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳತ್ತೆ. ಇದರಲ್ಲಿ ಕನ್ನಡ ಪದ ಎಲ್ಲಿ ಮುರೀಬಹುದು ಅನ್ನೋ ನಿಯಮಗಳು ಸಿದ್ಧವಾಗಿವೆ, ಪುಟ ನೋಡೋಕೆ ನಿಜಕ್ಕೂ ಚೆಂದ. ಆದ್ರೆ ಗೈಡಿಗೆ ಆ ಫೈಲ್ ಕೊಟ್ಟು ತಿದ್ದಿ ಅನ್ನೋಕೆ ಆಗಲ್ಲ.

ಯಾವುದೇ ತಗೊಂಡ್ರೂ ಮೊದಲ ದಿನದಿಂದ ಮಾಡ್ಬೇಕಾದ ಕೆಲಸ ಸ್ಟೈಲ್ ಹಾಕೋದು. ಅಧ್ಯಾಯದ ಹೆಸರನ್ನ ಬೋಲ್ಡ್ ಮಾಡಿ ಸೈಜ್ ದೊಡ್ಡದು ಮಾಡೋದಲ್ಲ, ಹೆಡಿಂಗ್ 1 ಅಂತ ಸ್ಟೈಲ್ ಕೊಡ್ಬೇಕು, ಉಪಶೀರ್ಷಿಕೆಗೆ ಹೆಡಿಂಗ್ 2, ಪದ್ಯಕ್ಕೆ ನಿಮ್ಮದೇ ಒಂದು ‘ಪದ್ಯ’ ಸ್ಟೈಲು, ಉಲ್ಲೇಖಕ್ಕೆ ಒಂದು. ಎಂಟರ್ ಒತ್ತಿ ಒತ್ತಿ ಮುಂದಿನ ಪುಟಕ್ಕೆ ಹೋಗೋ ಅಭ್ಯಾಸ ಬಿಡಿ, ಕಂಟ್ರೋಲ್ ಹಿಡಿದು ಎಂಟರ್ ಒತ್ತಿದ್ರೆ ಪುಟ ಮುರಿಯತ್ತೆ. ಗ್ರಂಥಋಣಕ್ಕೆ ಝೊಟೆರೊ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಉಚಿತ, ರೈಟರ್, ವರ್ಡ್, ಗೂಗಲ್ ಡಾಕ್ಸ್ ಮೂರಕ್ಕೂ ಹೊಂದಿಕೊಳತ್ತೆ, ಪುಸ್ತಕದ ವಿವರ ಒಂದ್ಸಲ ತುಂಬಿಟ್ರೆ ಅಡಿಟಿಪ್ಪಣಿಯಲ್ಲೂ ಕೊನೆಯ ಪಟ್ಟಿಯಲ್ಲೂ ಒಂದೇ ಥರ ಬರತ್ತೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಯಾರೂ ಹೇಳ್ಕೊಡಲ್ಲ. ‘ರಾಜ್‌ಕುಮಾರ್’ ಅಂತ ಬರೀಬೇಕಾದ್ರೆ ಜ್ ಮತ್ತು ಕು ಮಧ್ಯೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರತ್ತೆ, ಅದು ಇಲ್ಲದಿದ್ರೆ ‘ರಾಜ್ಕುಮಾರ್’ ಅಂತ ಒತ್ತಾಗಿ ಬೀಳತ್ತೆ. ಐವತ್ತು ಜನರ ಲೇಖನದಲ್ಲಿ ಎರಡೂ ಥರ ಇರತ್ತೆ, ಒಂದನ್ನ ಹುಡುಕಿದ್ರೆ ಇನ್ನೊಂದು ಸಿಗಲ್ಲ, ಪದಸೂಚಿಯಲ್ಲಿ ಒಬ್ರೇ ವ್ಯಕ್ತಿ ಎರಡು ಸಲ ಬರ್ತಾರೆ. ಹಾಗೇ ‘ನೀ’ ಅನ್ನೋದನ್ನ ನ ಜೊತೆ ದೀರ್ಘ ಈ ಅಂತಲೂ ಇಡಬಹುದು, ನ ಜೊತೆ ಗುಡಿಸು ಹಾಕಿ ಪಕ್ಕಕ್ಕೆ ದೀರ್ಘದ ಚಿಹ್ನೆ ಸೇರಿಸಿಯೂ ಇಡಬಹುದು, ನೋಡೋಕೆ ಎರಡೂ ಒಂದೇ, ಒಳಗೆ ಬೇರೆ. ಕೆಲವು ಕನ್ವರ್ಟರ್‌ಗಳು ಎರಡನೇ ಥರ ಬಿಟ್ಟಿರ್ತವೆ. ಅದಕ್ಕೇ ಬೇರೆಯವರ ಲೇಖನ ಬಂದ ತಕ್ಷಣ ಹೀಗೆ ಕೈ ಕೊಡೋ ಹೆಸರುಗಳದ್ದೊಂದು ಪಟ್ಟಿ ಇಟ್ಕೊಂಡು, ಹುಡುಕಿ ಬದಲಾಯ್ಸೋ ಕೆಲಸಾನ ಒಂದೊಂದು ಲೇಖನಕ್ಕೂ ಆಗಿಂದಾಗ್ಲೇ ಮಾಡಿ ಮುಗಿಸಿ, ಆಮೇಲೆ ಪುಸ್ತಕಕ್ಕೆ ಸೇರಿಸಿ. ಕಾಗುಣಿತ ತಪಾಸಣೆ ಮೇಲೆ ಭಾರ ಹಾಕ್ಬೇಡಿ, ನಮ್ಮ ಭಾಷೇಲಿ ಪ್ರತ್ಯಯ ಮೇಲೆ ಪ್ರತ್ಯಯ ಸೇರಿ ಪದ ಬೆಳೆಯೋದ್ರಿಂದ ಸರಿ ಇರೋದಕ್ಕೂ ಕೆಂಪು ಗೆರೆ ಎಳೆಯತ್ತೆ. ಕರಡು ತಿದ್ದೋಕೆ ಕನ್ನಡ ಬಲ್ಲ ಮನುಷ್ಯರೇ ಬೇಕು.

ಕೊನೇದಾಗಿ ಪ್ರೆಸ್ಸು. ಪುಸ್ತಕ ಅಚ್ಚು ಹಾಕಿಸೋರು ಇದನ್ನ ಕೊನೇಲಿ ಅಲ್ಲ, ಶುರುವಿನಲ್ಲೇ ಕೇಳಿ. ನಮ್ಮಲ್ಲಿ ಈಗಲೂ ಪೇಜ್‌ಮೇಕರ್ ಅನ್ನೋ ಹಳೇ ಸಾಫ್ಟ್‌ವೇರಲ್ಲಿ ಪುಟ ಕಟ್ಟೋ ಕಡೆ ಇವೆ, ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ, ಹಾಗಾಗಿ ನಿಮ್ಮ ಫೈಲನ್ನ ಮತ್ತೆ ಹಳೇ ಫಾಂಟಿಗೆ ಇಳಿಸ್ತಾರೆ, ನೀವು ಮತ್ತೆ ಮೊದಲಿಂದ ಕರಡು ನೋಡ್ಬೇಕು. ಪುಟ ಕಟ್ಟೋಕೆ ಇನ್‌ಡಿಸೈನ್ ಸಾಫ್ಟ್‌ವೇರ್ ಇಟ್ಕೊಂಡಿರೋರಾದ್ರೆ ಅದರಲ್ಲಿರೋ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಆಯ್ಕೆ ಆನ್ ಮಾಡ್ತೀರಾ ಅಂತ ಕೇಳಿ, ಅದು ಇಲ್ಲದಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳತ್ತೆ. ಎರಡೂ ಬೇಡ ಅಂದ್ರೆ ನೀವೇ ರೈಟರಲ್ಲಿ ಪುಟದ ಅಳತೆ ಡೆಮಿ 1/8, ಅಂದ್ರೆ 5.5 ಇಂಚು ಅಗಲ 8.5 ಇಂಚು ಎತ್ತರ ಇಟ್ಟು, ಹೊಲಿಗೆ ಬದಿಗೆ ಜಾಸ್ತಿ ಅಂಚು ಬಿಟ್ಟು ಪಿಡಿಎಫ್ ಮಾಡಿ ಕೊಡಿ, ನಾವು ಕೊನೆಗೆ ಮಾಡಿದ್ದು ಇದನ್ನೇ. ಪೂರ್ತಿ ಅಚ್ಚಿಗೆ ಹೋಗೋ ಮುಂಚೆ ಮೊದಲ 16 ಪುಟ ಅದೇ ಕಾಗದದ ಮೇಲೆ ತೆಗೆಸಿ, ಬೆಳಕಲ್ಲಿ ಹಿಡಿದು ಒಂದೊಂದು ಒತ್ತೂ ಪೂರ್ತಿ ಬಿದ್ದಿದ್ಯಾ ನೋಡಿ, ಆಮೇಲೆ ಸಹಿ ಹಾಕಿ.